ಹೆಗ್ಗಣದ ಹುಳ ನನ್ನ ತಲೆಗೆ ಬಂದ ಮಳೆಗಾಲ

ನಾನು ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷಗಳಲ್ಲಿ ಬಟ್ಟೆ ಮುಟ್ಟದೆ ಕಳೆದ ದಿನಗಳು ತೀರಾ ಕಡಿಮೆ. ಅಂಥವಳಿಗೆ ಒಂದು ಬೆಳಿಗ್ಗೆ ಬಟ್ಟೆ ಮೈಗೆ ತಾಗಿದರೆ ಉರಿಯತೊಡಗಿತು. ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ನೈಟಿ ಎಡಭುಜಕ್ಕೆ ಸೋಕಿದರೆ ಸುಟ್ಟ ಗಾಯದ ಮೇಲೆ ಯಾರೋ ಕೈಯಾಡಿಸಿದ ಹಾಗೆ. ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಗುಳ್ಳೆ ಇಲ್ಲ, ಕೆಂಪಾಗಿಲ್ಲ, ಏನೂ ಇಲ್ಲ.

ಅದಕ್ಕೂ ನಾಲ್ಕು ದಿನ ಮೊದಲೇ ತಲೆನೋವು ಶುರುವಾಗಿತ್ತು. ತಲೆನೋವಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಮದುವೆ ಸೀಸನ್ನಿನ ಕೆಲಸ ರಾಶಿ ಬಿದ್ದಿತ್ತು. ಮಾತ್ರೆ ನುಂಗಿ, ಹಣೆಗೆ ದುಪಟ್ಟಾ ಬಿಗಿದು ಮೆಷಿನ್ ಮುಂದೆ ಕೂರುತ್ತಿದ್ದೆ. ನಮ್ಮ ಬೀದಿಯ ಡಾಕ್ಟರು ಸೈನಸ್ ಎಂದರು. ಕನ್ನಡಕದ ಅಂಗಡಿಯವನು ಪವರ್ ಬದಲಾಗಿದೆ ಎಂದ. ಮೈ ಉರಿಯುತ್ತದೆ ಎಂದು ಹೇಳಿದಾಗ ಇಬ್ಬರೂ ಮುಖ ನೋಡಿ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದರು.

ನಮ್ಮ ಮನೆ ಶ್ರೀಗಂಧದ ಕಾವಲಿನಲ್ಲಿ. ಅಂಗಡಿ ಪಕ್ಕದಲ್ಲೇ, ಅನ್ನಪೂರ್ಣೇಶ್ವರಿ ನಗರದಲ್ಲಿ; ಒಂದು ಶಟರಿನ ಜಾಗ. ಗಂಡ ನಾಗರಾಜು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಮೂರನೆಯವರು ನಮ್ಮತ್ತೆ ಪುಟ್ಟಮ್ಮ. ಅವರು ಮದುವೆಯಾಗಿ ಬಂದಾಗ ಇಲ್ಲೆಲ್ಲ ರಾಗಿ ಹೊಲವಂತೆ. ಈಗ ಅದರಲ್ಲಿ ಉಳಿದಿರುವುದು ನಮ್ಮ ಮನೆ ಮತ್ತು ಪಕ್ಕದ ಒಂದು ಖಾಲಿ ಸೈಟು. ಆ ಸೈಟಿನಲ್ಲಿ ಅತ್ತೆ ದಂಟು, ಸಬ್ಬಸಿಗೆ, ಮೆಂತ್ಯ ಬೆಳೆಯುತ್ತಾರೆ. ಸಂಪಿನ ನೀರು ಜಿನುಗುವ ಮೂಲೆಯಲ್ಲಿ ಒಂದೆಲಗ ತಾನಾಗಿ ಹಬ್ಬಿತ್ತು. ಕಾಂಪೌಂಡಿನ ಆಚೆ ರಾಜಕಾಲುವೆ. ಮಳೆಗಾಲದಲ್ಲಿ ಅಲ್ಲಿಂದ ಹೆಗ್ಗಣಗಳು ಬಿಲ ತೋಡಿಕೊಂಡು ಬರುತ್ತವೆ. ಗೋಡೆಯ ಮೇಲೆಲ್ಲ ಮುಷ್ಟಿಗಾತ್ರದ ಬಸವನಹುಳುಗಳು ಹತ್ತಿಕೊಂಡಿರುತ್ತವೆ. ನಮ್ಮ ಕಡೆ ಇದೇನು ಹೊಸದಲ್ಲ. ಅತ್ತೆ ಉಪ್ಪು ಎರಚುತ್ತಾರೆ, ಬೈಯುತ್ತಾರೆ, ಅಷ್ಟೆ.

ನನಗೆ ಮರೆವು ಜಾಸ್ತಿಯಾಗಿದೆ, ಅಳತೆ ತೆಗೆದುಕೊಂಡ ಕೂಡಲೇ ಬರೆಯದಿದ್ದರೆ ಹೋಯಿತು ಎಂದು ಒಮ್ಮೆ ಗೊಣಗಿದ್ದೆ. "ದಿನಾ ಐದು ಎಲೆ ಒಂದೆಲಗ ಅಗಿ ಕಣವ್ವಾ. ಸಾಯೋಗಂಟ ಮರೆವು ಬರಕಿಲ್ಲ," ಎಂದಿದ್ದರು ಅತ್ತೆ. ಅಂದಿನಿಂದ ಕಾಫಿಗೂ ಮುಂಚೆ ಹಸಿ ಎಲೆ ಅಗಿಯುವುದು ನನ್ನ ರೂಢಿಯಾಗಿತ್ತು.

ತಲೆನೋವು ಶುರುವಾಗಿ ಎಂಟನೆಯ ದಿನ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲು ಹೋದೆ. ಎರಡು ಸೂಜಿ ಕಂಡವು. ಒಂದು ಕಣ್ಣು ಮುಚ್ಚಿದರೆ ಒಂದೇ ಸೂಜಿ. ಎರಡೂ ತೆರೆದರೆ ಪಕ್ಕದಲ್ಲಿ ಇನ್ನೊಂದು. ಹೇಗೋ ಒಂದು ಕಣ್ಣು ಮುಚ್ಚಿಕೊಂಡೇ ಒಂದು ಮದುವೆ ಹೆಣ್ಣಿನ ರೇಷ್ಮೆ ಬ್ಲೌಸ್ ಕತ್ತರಿಸಲು ಕುಳಿತೆ. ಮುಂದಿನ ಕತ್ತಿನ ಆಳವನ್ನು ಹಿಂದಿನ ತುಂಡಿಗೆ ಕತ್ತರಿಸಿಬಿಟ್ಟೆ. ಕೆಲಸ ಕಲಿಯುವಾಗಲೂ ನಾನು ಆ ತಪ್ಪು ಮಾಡಿದವಳಲ್ಲ. ಕತ್ತರಿ ಕೆಳಗಿಟ್ಟು, ಶಟರ್ ಅರ್ಧ ಎಳೆದು, ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಳುವಾಗ ತಲೆ ಇನ್ನೂ ಸಿಡಿಯುತ್ತಿತ್ತು. ಅಳುವುದಕ್ಕೂ ಆಗದ ತಲೆನೋವು ಅದು.

ನಾಗರಾಜು ಫ್ಯಾಕ್ಟರಿಯಿಂದ ನೇರ ಅಂಗಡಿಗೆ ಬಂದರು. ನನ್ನ ಕಣ್ಣು ನೋಡಿ, "ಶೈಲಾ, ನಿನ್ನ ಎಡಗಣ್ಣು ಮೂಗಿನ ಕಡೆ ತಿರುಗ್ಬಿಟ್ಟಿದೆಯಲ್ಲೇ," ಎಂದರು. ಅವರ ದನಿ ಕೇಳಿದ ಮೇಲೆ ನನಗೆ ನಿಜವಾಗಿ ಭಯವಾಯಿತು. ಮನೆಗೂ ಹೋಗಲಿಲ್ಲ. ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿ ಟೋಕನ್ ತೆಗೆದುಕೊಂಡು ಕಾಯಬೇಕು. ಉದ್ದನೆಯ ಹಾಲ್, ಸಾಲು ಸಾಲು ಕುರ್ಚಿ, ತಲೆಯ ಮೇಲೆ ಟ್ಯೂಬ್‌ಲೈಟು. ಬೆಳಕು ಕಣ್ಣಿಗೆ ಮೊಳೆ ಹೊಡೆದ ಹಾಗೆ ಚುಚ್ಚುತ್ತಿತ್ತು. ಪಕ್ಕದಲ್ಲಿ ಯಾರದೋ ಮೊಬೈಲಿನಲ್ಲಿ ಕಾಮಿಡಿ ಓಡುತ್ತಿತ್ತು. ಒಬ್ಬ ಸೆಕ್ಯೂರಿಟಿ ಹೆಂಗಸು ನನ್ನನ್ನು ಎರಡು ಸಲ ನೋಡಿದಳು. ಮೂರನೆಯ ಸಲ ಬಂದು, "ಅಣ್ಣಾ, ಸೌಂಡ್ ಕಮ್ಮಿ ಮಾಡಿ, ಅಕ್ಕಂಗೆ ಆಗ್ತಾ ಇಲ್ಲ," ಎಂದು ಅವನಿಗೆ ಹೇಳಿ, ಸ್ವಿಚ್ ಬೋರ್ಡಿಗೆ ಹೋಗಿ ನಮ್ಮ ಸಾಲಿನ ಲೈಟ್ ಆರಿಸಿದಳು. ಅವಳ ಹೆಸರು ಕೇಳಬೇಕೆಂದು ಆಗ ಹೊಳೆಯಲಿಲ್ಲ. ಆ ಇಡೀ ದಿನದಲ್ಲಿ ನನಗೆ ಸಿಕ್ಕ ಮೊದಲ ಔಷಧಿ ಅದು.

ಸ್ಕ್ಯಾನಿನಲ್ಲಿ ಗೆಡ್ಡೆ ಏನೂ ಇಲ್ಲ ಎಂದರು. ಸಮಾಧಾನಪಡುವಷ್ಟರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು, ಮೆದುಳಿನ ಪೊರೆಗೆ ಊತ ಇರುವ ಹಾಗಿದೆ, ಟಿಬಿ ಇರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದರು. ಟಿಬಿ ಎಂಬ ಮಾತು ಕೇಳಿದ್ದೇ ನಾಗರಾಜು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಎಳನೀರು ಹಿಡಿದುಕೊಂಡು ಬಂದರು. ಕಣ್ಣು ಕೆಂಪಗಿತ್ತು. "ಕುಡಿ," ಎಂದರು. ನಾದಿನಿ ಫೋನಿನಲ್ಲಿ, "ಅತ್ತಿಗೆ, ಯಾರಿಗೂ ಹೇಳಕ್ಕೆ ಹೋಗ್ಬೇಡಿ, ಜ್ವರ ಅಂತ ಅಂದ್ಬಿಡಿ," ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫೋನಿಟ್ಟ ಮೇಲೆ, ಅಪರಾಧ ಮಾಡಿ ಸಿಕ್ಕಿಬಿದ್ದವಳ ಹಾಗೆ ಗೋಡೆ ಕಡೆ ತಿರುಗಿ ಮಲಗಿದೆ.

ಬೆನ್ನಿಗೆ ಸೂಜಿ ಎಂದರೆ ಕಾಲು ಬಿದ್ದುಹೋಗುತ್ತದೆ ಎಂದು ವಾರ್ಡಿನಲ್ಲಿ ಯಾರೋ ಹೇಳಿದ್ದರು. ಗೋಡೆಗೆ ಮುಖ ಮಾಡಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿ ಎಂದರು. ದೊಡ್ಡ ಡಾಕ್ಟರು ಒಬ್ಬ ಹೆಂಗಸು, ನನ್ನದೇ ವಯಸ್ಸು ಇರಬೇಕು. "ಏನ್ ಕೆಲಸ ಮಾಡ್ತೀರಾ?" ಎಂದು ಕೇಳಿದರು.

"ಟೈಲರಿಂಗು, ಮೇಡಂ."

"ಹಂಗಾದ್ರೆ ಸೂಜಿಗೆ ಹೆದರಬಾರದು ನೀವು."

ನಗಬೇಕೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು. ನೋವಾಯಿತು, ಆದರೆ ಹೆದರಿದಷ್ಟಲ್ಲ. ಆಮೇಲೆ ನಡೆದದ್ದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನೀರು ತೆಗೆದ ಸ್ವಲ್ಪ ಹೊತ್ತಿಗೆ ಕುಕ್ಕರಿನ ವಿಷಲ್ ಎತ್ತಿ ಆವಿ ಬಿಟ್ಟ ಹಾಗೆ ತಲೆ ಇಳಿಯಿತು. ಪೂರ್ತಿ ಅಲ್ಲ. ಆದರೆ ಹತ್ತು ದಿನದಲ್ಲಿ ಮೊದಲ ಸಲ ಹಲ್ಲು ಕಚ್ಚದೆ ಉಸಿರಾಡಿದೆ. ಈ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಇದೊಂದನ್ನು ಹೇಳಬೇಕು: ಆ ಸೂಜಿಗೆ ಹೆದರಬೇಡಿ. ನನಗೆ ಅದೇ ಆಸರೆಯಾಯಿತು.

ವಾರ್ಡಿನಲ್ಲಿ ಲಿಂಗಮ್ಮ ಎಂಬ ಆಯಾ ಇದ್ದರು. ಹೊದಿಕೆ ಮೈಗೆ ತಾಗಿದರೆ ನಾನು ಚೀರುವುದನ್ನು ನೋಡಿ, ಮಂಚದ ಎರಡೂ ಕಡೆಯ ಕಂಬಿಗೆ ಹೊದಿಕೆಯ ತುದಿ ಕಟ್ಟಿ, ಮೈಯಿಂದ ಒಂದು ಗೇಣು ಮೇಲೆ ನಿಲ್ಲುವ ಹಾಗೆ ಮಾಡಿದರು. "ಚಪ್ಪರ ಹಾಕಿವ್ನಿ, ಮಲಿಕ್ಕಳವ್ವಾ," ಎಂದರು. ಅದರ ಕೆಳಗೆ ಗಾಳಿ ಆಡುತ್ತಿತ್ತು, ಮಾನವೂ ಉಳಿದಿತ್ತು.

ಮರುದಿನ ದೊಡ್ಡ ಡಾಕ್ಟರು ರಿಪೋರ್ಟ್ ಹಿಡಿದು ಬಂದರು. ಅತ್ತೆ ಮನೆಯಿಂದ ಗಂಜಿ ತಂದು ಮಂಚದ ಕಾಲ ಬಳಿ ನಿಂತಿದ್ದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಗೆ ನಮಗೆ ಕಿವಿ ಸರಿಯಿಲ್ಲವೇನೋ ಅನ್ನಿಸಿತು.

"ಬಸವನಹುಳು ತಿಂದಿದ್ದೀರಾ?"

"ಅಯ್ಯೋ, ಮೇಡಂ! ಸೋಮವಾರ ಶನಿವಾರ ನಾವು ಮೊಟ್ಟೆನೂ ಮುಟ್ಟಲ್ಲ," ಎಂದರು ನಾಗರಾಜು.

"ಬೇಜಾರ್ ಮಾಡ್ಕೋಬೇಡಿ, ಎಲ್ಲರನ್ನೂ ಕೇಳ್ತೀವಿ. ಉಡದ ಮಾಂಸ, ಔಷಧಿ ಅಂತ ಏನಾದ್ರೂ? ಇಲ್ವಾ? ಸರಿ. ಹಸಿ ಸೊಪ್ಪು ತಿಂತೀರಾ? ತೋಟದ್ದು, ನೆಲಕ್ಕೆ ಹತ್ತಿರ ಬೆಳೆಯೋದು?"

ಅತ್ತೆ ಕೈಯಲ್ಲಿದ್ದ ಗಂಜಿ ಡಬ್ಬಿಯನ್ನು ಮಂಚದ ಮೇಲಿಟ್ಟರು.

"ಒಂದೆಲಗ," ಎಂದರು ಅತ್ತೆ. "ನಾನೇ ತಿನ್ನು ಅಂದಿದ್ದು."

ಡಾಕ್ಟರು ಒಂದು ಕುರ್ಚಿ ಎಳೆದು ಮೊದಲು ಅತ್ತೆಯನ್ನು ಕೂರಿಸಿದರು. ಆಮೇಲೆ ಹೇಳಿದರು. ಬೆನ್ನಿನ ನೀರಿನಲ್ಲಿ ಹುಳ ಹೊಕ್ಕಾಗ ಹೆಚ್ಚಾಗುವ ಬಿಳಿ ರಕ್ತಕಣಗಳೇ ತುಂಬಿವೆ. ಇಲಿ, ಹೆಗ್ಗಣಗಳ ಶ್ವಾಸಕೋಶದಲ್ಲಿ ಬದುಕುವ ಒಂದು ಹುಳ ಇದೆ. ಹೆಗ್ಗಣದ ಹಿಕ್ಕೆಯಿಂದ ಅದರ ಮರಿ ಬಸವನಹುಳುವಿಗೆ ಹೋಗುತ್ತದೆ. ಬಸವನಹುಳುವಿನ ಸಣ್ಣ ಮರಿಯೋ, ಚಿಪ್ಪಿಲ್ಲದ ಹುಳವೋ ಎಲೆಗೆ ಅಂಟಿಕೊಂಡಿದ್ದು ನಮ್ಮ ಹೊಟ್ಟೆ ಸೇರಿದರೆ ಅದರೊಳಗಿನ ಆ ಮರಿಹುಳ ತಲೆಗೆ ಏರುತ್ತದೆ.

"ಅದರ ಮನೆ ಹೆಗ್ಗಣ. ದಾರಿ ತಪ್ಪಿ ನಿಮ್ಮ ಹತ್ರ ಬಂದಿದೆ. ನಿಮ್ಮೊಳಗೆ ಅದು ಬೆಳೆದು ಸಂಸಾರ ಮಾಡಕ್ಕಾಗಲ್ಲ, ಸಾಯುತ್ತೆ. ಸಾಯುವಾಗ ಈ ಗಲಾಟೆ. ನೂರಕ್ಕೆ ನೂರು ಅದೇ ಅಂತ ಇವತ್ತು ಹೇಳಲ್ಲ, ಸ್ಯಾಂಪಲ್ ಬೇರೆ ಕಡೆ ಕಳಿಸಿದೀವಿ. ಆದ್ರೆ ಎಲ್ಲಾ ಅದನ್ನೇ ತೋರಿಸ್ತಿದೆ."

"ಟಿಬಿ ಅಲ್ವಾ, ಮೇಡಂ?" ಎಂದರು ನಾಗರಾಜು.

"ಅಲ್ಲ ಅನ್ಸುತ್ತೆ."

"ಬದುಕ್ತಾಳಾ?"

"ಬದುಕ್ತಾರೆ, ಸ್ವಾಮಿ. ಕಣ್ಣು ಸರಿಹೋಗಕ್ಕೆ ಟೈಮ್ ಬೇಕು. ಬದುಕ್ತಾರೆ."

ನಾಗರಾಜು ಗೋಡೆಗೆ ಒರಗಿ ನಿಂತರು. ತಲೆಯಲ್ಲಿ ಹೆಗ್ಗಣದ ಹುಳ ಇದೆ ಎಂದು ಕೇಳಿ ಯಾರಾದರೂ ನೆಮ್ಮದಿಯ ಉಸಿರು ಬಿಟ್ಟಿದ್ದರೆ ಅದು ನಾವೇ ಇರಬೇಕು.

ಆದರೆ ಆ ಹೊತ್ತಿನಲ್ಲಿ ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಅತ್ತೆ ಒಂದೆಲಗವನ್ನು ಸುಮ್ಮನೆ ಕೊಡುತ್ತಿರಲಿಲ್ಲ. ಒಂದೊಂದೇ ಎಲೆ ತಿರುಗಿಸಿ ನೋಡಿ, ಉಪ್ಪುನೀರಿನಲ್ಲಿ ನೆನೆಸಿ, ಮೂರು ಸಲ ತೊಳೆದು ತಟ್ಟೆಯಲ್ಲಿ ಇಡುತ್ತಿದ್ದರು. ಅಷ್ಟು ಹೊತ್ತು ಕಾಯಲು ನನಗೆ ತಾಳ್ಮೆ ಇರಲಿಲ್ಲ. ಅಂಗಡಿಗೆ ಹೊರಡುವ ಅವಸರದಲ್ಲಿ ಎಷ್ಟೋ ದಿನ ನಾನೇ ಸೈಟಿಗೆ ಹೋಗಿ, ಮಳೆಹನಿ ಕೂತ ಎಲೆಗಳನ್ನು ಕಿತ್ತು, ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡಿದ್ದೆ. ಇದು ನನಗೆ ಒಬ್ಬಳಿಗೇ ಗೊತ್ತಿತ್ತು. ಅತ್ತೆ "ನಾನೇ" ಎಂದಾಗ ನನ್ನ ನಾಲಿಗೆ ಏಳಲಿಲ್ಲ. ತಲೆನೋವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಇನ್ನೊಮ್ಮೆ ಬೆನ್ನಿನ ನೀರು ತೆಗೆದರು. ಮುಖ ಪೂರಿಯ ಹಾಗೆ ಉಬ್ಬಿತು, ಹಸಿವು ಹೇಳತೀರದು. ಲಿಂಗಮ್ಮ ತಮ್ಮ ಡಬ್ಬಿಯ ಚಪಾತಿಯನ್ನೂ ಕೊಡುತ್ತಿದ್ದರು. ಮೈಯ ಉರಿ ಮೊದಲು ಭುಜದಿಂದ ಹೋಯಿತು, ಆಮೇಲೆ ಬೆನ್ನಿನಿಂದ, ಕೊನೆಗೆ ನೆತ್ತಿಯಿಂದ. ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಮನೆಗೆ ಬಂದೆ. ಎಡಗಣ್ಣಿಗೆ ಪಟ್ಟಿ ಕಟ್ಟಿದ್ದರು.

ಮನೆಗೆ ಬಂದು ನೋಡಿದರೆ ಪಕ್ಕದ ಸೈಟು ಬೋಳು. ಒಂದೆಲಗ ಮಾತ್ರವಲ್ಲ, ದಂಟು, ಸಬ್ಬಸಿಗೆ, ಬಸಳೆ ಚಪ್ಪರ ಎಲ್ಲವನ್ನೂ ಅತ್ತೆ ಕಿತ್ತುಹಾಕಿದ್ದರು. ಕಪ್ಪು ಮಣ್ಣಿನ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿತ್ತು. ಎಪ್ಪತ್ತೆರಡು ವಯಸ್ಸಿನ ಹೆಂಗಸು ಒಬ್ಬರೇ ಗುದ್ದಲಿ ಹಿಡಿದು ಎರಡು ದಿನದಲ್ಲಿ ಮಾಡಿದ ಕೆಲಸ. ಪಕ್ಕದ ಮನೆಯವರು ಬೇಡವೆಂದರೂ ಕೇಳಲಿಲ್ಲವಂತೆ. ಆಮೇಲೆ ನೋಡಿದೆ, ಅವರು ಊಟಕ್ಕೆ ನಮ್ಮ ಜೊತೆ ಕೂರುತ್ತಿರಲಿಲ್ಲ. ನನಗೆ ಬಡಿಸಿ, ಅಡುಗೆಮನೆಯಲ್ಲಿ ನಿಂತೇ ಒಂದು ತುತ್ತು ತಿನ್ನುತ್ತಿದ್ದರು. ಯಾರು ನೋಡಲು ಬಂದರೂ ಬಾಗಿಲಲ್ಲೇ, "ನನ್ನಿಂದ ಆಯ್ತು ಕಣ್ರವ್ವಾ," ಎಂದು ಶುರುಮಾಡುತ್ತಿದ್ದರು.

ನಾಲ್ಕು ದಿನ ಅದನ್ನು ಕೇಳಿಕೊಂಡೇ ಮಲಗಿದ್ದೆ. ನನ್ನ ಕಾಯಿಲೆಯ ಕಥೆಯಲ್ಲಿ ಬರೆಯಲು ತೀರಾ ಕಷ್ಟವಾದದ್ದು ಈ ನಾಲ್ಕು ದಿನ. ತಲೆನೋವಿನ ಬಗ್ಗೆ ಬರೆಯುವುದು ಸುಲಭ.

ಐದನೆಯ ದಿನ ಮಧ್ಯಾಹ್ನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಗೋಡೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ.

"ಯಾಕವ್ವಾ ಎದ್ದು ಬಂದೆ? ಬಿಸ್ಲು."

"ಅತ್ತೆ, ನೀವು ತೊಳೆದು ಕೊಟ್ಟ ಎಲೆಯಿಂದ ಆಗಿದ್ದಲ್ಲ ಇದು."

ಅವರು ಅಕ್ಕಿಯಿಂದ ಕಣ್ಣೆತ್ತಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಸರ, ಮಳೆಹನಿ, ಸೆರಗಿಗೆ ಒರೆಸಿದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು. ಹೇಳಿ ಮುಗಿಸಿದಾಗ ಅವರ ಕೈ ಮೊರದ ಮೇಲೆ ನಿಂತುಹೋಗಿತ್ತು.

"ತೊಳೀದೆ ತಿಂದ್ಯಾ?"

"ಹ್ಞೂ."

"ಎಷ್ಟು ದಿವ್ಸ?"

"ಲೆಕ್ಕ ಇಟ್ಟಿಲ್ಲ, ಅತ್ತೆ."

"ಅಯ್ಯೋ ನಿನ್ನ! ನಾನಿಲ್ಲಿ ಸೊಸೆ ಕೊಂದೆ, ಸೊಸೆ ಕೊಂದೆ ಅಂತ ಸಾಯ್ತಾ ಇವ್ನಿ. ನನ್ನ ಬಸಳೆ ಚಪ್ಪರ! ಮೂರು ವರ್ಷದ್ದು ಕಣೇ ಅದು! ಸೆರಗ್ಗೆ ಒರೆಸ್ಕಂಡು ತಿಂದ್ಲಂತೆ, ಒಳ್ಳೆ ಮೇಕೆ ತಿಂದಂಗೆ!"

ಮದುವೆಯಾಗಿ ನಾನು ಈ ಮನೆಗೆ ಬಂದು ಇಪ್ಪತ್ಮೂರು ವರ್ಷ. ಅವರು ನನಗೆ ಅಷ್ಟು ಬೈದದ್ದು ಅದೇ ಮೊದಲು. ಬೈದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ಬೈದರು. ನಾನು ಅಳುತ್ತಿದ್ದೆ, ಆದರೆ ಅಳುವಾಗ ಈಗ ತಲೆ ಸಿಡಿಯುತ್ತಿರಲಿಲ್ಲ. ಅದು ಗೊತ್ತಾಗಿ ಅಳುವಿನ ನಡುವೆಯೇ ನಗು ಬಂತು. "ನಗ್ತಾಳೆ ನೋಡು," ಎಂದು ಅವರೂ ನಕ್ಕರು. ಆ ಸಂಜೆ ಅವರು ತಟ್ಟೆ ತಂದು ನಮ್ಮ ಜೊತೆ ಕೂತು ಎರಡು ಮುದ್ದೆ ಉಂಡರು.

ಸ್ಯಾಂಪಲ್ಲಿನ ಉತ್ತರ ಬರಲು ಮೂರು ವಾರ ಬೇಕಾಯಿತು. ಡಾಕ್ಟರು ಅಂದುಕೊಂಡದ್ದೇ ಸರಿ ಎಂದಾಯಿತು. ಅವರು ಹೇಳಿ ಕಳುಹಿಸಿದ್ದರಿಂದ ಪಶುವೈದ್ಯ ಓದುತ್ತಿದ್ದ ಸಹನಾ ಎಂಬ ಹುಡುಗಿ ನಮ್ಮ ಸೈಟಿಗೆ ಬಂದಳು. ಕೈಗವಸು ಹಾಕಿಕೊಂಡು ಬಸವನಹುಳುಗಳನ್ನು ಡಬ್ಬಿಗೆ ತುಂಬಿದಳು, ಕಾಲುವೆ ಪಕ್ಕ ಎರಡು ಬೋನು ಇಟ್ಟಳು. ಅತ್ತೆ ಹಿಂದೆಯೇ ತಿರುಗಿ ಬಿಲಗಳನ್ನು ತೋರಿಸಿದರು.

"ಹೆಗ್ಗಣ ಹಿಡಿಯಕ್ಕೂ ಕಾಲೇಜಿಗೆ ಹೋಗ್ಬೇಕಾ, ಮಗಳೇ?"

"ಹಿಡಿಯೋದು ಸುಲಭ, ಅಜ್ಜಿ. ಆಮೇಲೆ ಅದರ ಒಳಗೆ ಹುಡುಕೋದಕ್ಕೆ ಓದ್ಬೇಕು."

ಕೆಲವು ಬಸವನಹುಳುಗಳಲ್ಲಿ ಮರಿಹುಳ ಸಿಕ್ಕಿತು ಎಂದು ಆಮೇಲೆ ಫೋನ್ ಮಾಡಿದಳು. ಅದೇ ಜಾತಿಯದೋ ಎಂದು ಇನ್ನೂ ನೋಡಬೇಕಂತೆ. ಬೋನಿಗೆ ಬಿದ್ದ ಎರಡು ಹೆಗ್ಗಣಗಳಲ್ಲಿ ಏನೂ ಕಾಣಲಿಲ್ಲ. "ಎರಡು ನೋಡಿ ಇಲ್ಲ ಅನ್ನಕ್ಕಾಗಲ್ಲ, ಆಂಟಿ. ಹೌದು ಅಂತ್ಲೂ ಅನ್ನಕ್ಕಾಗಲ್ಲ," ಎಂದಳು. ನನಗೆ ಅವಳ ಮಾತು ಇಷ್ಟವಾಯಿತು. ಯಾವ ಹೆಗ್ಗಣ, ಯಾವ ಎಲೆ, ಯಾವ ಬೆಳಿಗ್ಗೆ ಎಂದು ನನಗೆ ಎಂದೂ ತಿಳಿಯುವುದಿಲ್ಲ. ಅಷ್ಟು ತಿಳಿಯದೆಯೂ ಬದುಕಬಹುದು. ಸೊಪ್ಪನ್ನು ಈಗ ಬೇಯಿಸಿಯೇ ತಿನ್ನುತ್ತೇವೆ. ಅತ್ತೆ ಬೀದಿಯ ಹದಿನೆಂಟು ಮನೆಗೂ ಹೋಗಿ ಇದನ್ನು ಹೇಳಿ ಬಂದಿದ್ದಾರೆ. ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟುವ ಮಕ್ಕಳಿಗೆ ಅವರನ್ನು ಕಂಡರೆ ಭಯ.

ಕಣ್ಣು ನೇರವಾಗಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಅಂಗಡಿ ಮುಚ್ಚಿತ್ತು. ಗಿರಾಕಿಗಳೆಲ್ಲ ಹೋದರೆಂದೇ ಅಂದುಕೊಂಡಿದ್ದೆ. ಮುಂದಿನ ತಿರುವಿನಲ್ಲಿ ರುಕ್ಮಿಣಿ ಎಂಬ ಟೈಲರ್ ಇದ್ದಾಳೆ. ನಾವಿಬ್ಬರೂ ಹತ್ತು ವರ್ಷದಿಂದ ಮಾತು ಬಿಟ್ಟವರು. ಅವಳು ನಾಗರಾಜು ಹತ್ತಿರ ಅಂಗಡಿಯ ಬೀಗದ ಕೈ ಕೇಳಿ ಪಡೆದು, ಬಾಕಿಯಿದ್ದ ಬ್ಲೌಸುಗಳನ್ನೆಲ್ಲ ಹೊಲಿದು ಕೊಟ್ಟಿದ್ದಳು. ನಾನು ಹಾಳು ಮಾಡಿದ ರೇಷ್ಮೆ ತುಂಡಿಗೆ ಸೀರೆಯ ಅಂಚಿನಿಂದ ಪಟ್ಟಿ ಕೊಟ್ಟು, ಬೇಕೆಂದೇ ಮಾಡಿದ ಡಿಸೈನ್ ಎನ್ನುವ ಹಾಗೆ ಕೂರಿಸಿದ್ದಳು. ಅಂಗಡಿ ತೆರೆದ ದಿನ ಬಂದು ಬೀಗದ ಕೈ ಮೇಜಿನ ಮೇಲಿಟ್ಟು, "ನಿಮ್ಮ ಮೆಷಿನ್ ಬೆಲ್ಟ್ ಸಡಿಲ ಆಗಿದೆ, ಅಕ್ಕ, ಹಾಕಿಸ್ಕೊಳ್ಳಿ," ಎಂದಷ್ಟೇ ಹೇಳಿ ಹೋದಳು. ಅಂದಿನಿಂದ ನಾವು ಮಾತಾಡುತ್ತಿದ್ದೇವೆ.

ಕಳೆದ ತಿಂಗಳು ಆಸ್ಪತ್ರೆಗೆ ಕೊನೆಯ ಸಲ ತೋರಿಸಿಕೊಳ್ಳಲು ಒಬ್ಬಳೇ ಹೋಗಿದ್ದೆ. ಡಾಕ್ಟರು ಕಣ್ಣು, ಕೈಕಾಲು ಎಲ್ಲ ನೋಡಿ, ಇನ್ನು ಬರಬೇಕಾಗಿಲ್ಲ ಎಂದರು. ಎದ್ದು ಕೈಮುಗಿದೆ. ಅವರು, "ಐದು ನಿಮಿಷ ಇದ್ಯಾ?" ಎಂದು ಕೇಳಿ ವಾರ್ಡಿಗೆ ಕರೆದುಕೊಂಡು ಹೋದರು.

ಕಿಟಕಿಯ ಪಕ್ಕದ ಮಂಚದಲ್ಲಿ ಸುಮಾರು ಮೂವತ್ತು ವಯಸ್ಸಿನ ಹೆಂಗಸು ಮಲಗಿದ್ದಳು. ಕೆಂಗೇರಿ ಕಡೆಯವಳು, ಸ್ಕೂಲಿನಲ್ಲಿ ಟೀಚರ್. ನನಗೆ ಬಂದದ್ದೇ ಇರಬೇಕು ಎಂದರು ಡಾಕ್ಟರು. ಅವಳ ಗಂಡ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಎಲ್ಲಿ ಕೈ ಇಡಬೇಕೆಂದು ಗೊತ್ತಾಗದವರ ನಿಲುವು ಅದು, ನನಗೆ ಗೊತ್ತು.

"ಇವರು ನಮ್ಮ ಹಳೇ ಪೇಷಂಟು," ಎಂದು ಹೇಳಿ ಡಾಕ್ಟರು ಹೋದರು.

ನಾನು ಕುರ್ಚಿಯ ಮೇಲೆ ಕುಳಿತೆ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿರಲಿಲ್ಲ. ಅವಳು ಕಣ್ಣು ಅರ್ಧ ತೆರೆದು ನನ್ನನ್ನು ನೋಡಿದಳು.

"ನಿಮಗೂ ಇದೇ ಆಗಿತ್ತಾ?"

"ಇದೇ."

"ಈಗ ಹೋಗಿದೆಯಾ? ಪೂರ್ತಿ?"

"ಇವತ್ತು ಒಬ್ಬಳೇ ಬಂದೆ ಕಣಮ್ಮಾ. ಮೆಟ್ರೋದಲ್ಲಿ, ಅಷ್ಟು ದೂರದಿಂದಲೂ ನಿಂತ್ಕೊಂಡೇ ಬಂದೆ."

ಅವಳು ಮೆಲ್ಲಗೆ ನನ್ನ ಕಡೆ ತಲೆ ಹೊರಳಿಸಿದಳು. "ನಿಂತ್ಕೊಂಡಾ? ಯಾಕೆ?"

"ಸೀಟ್ ಸಿಗಲಿಲ್ಲ. ಎಲ್ಲರೂ ನನ್ನ ನೋಡಿ, ಈಯಮ್ಮಂಗೇನಾಗಿದೆ, ಗಟ್ಟಿಯಾಗಿದಾಳೆ, ನಿಂತ್ಕೊಳ್ಳಲಿ ಅಂದ್ಕೊಂಡ್ರು."

ಅವಳ ತುಟಿ ಅಲುಗಿತು. ನಕ್ಕರೆ ತಲೆ ನೋಯುತ್ತದೆಂದು ತಡೆದುಕೊಂಡಳು, ಆದರೂ ನಗು ಬಂದೇಬಿಟ್ಟಿತು. ಮಂಚದ ಆ ಕಡೆ ನಿಂತಿದ್ದ ಅವಳ ಗಂಡ ಕಟ್ಟಿದ ಕೈ ಬಿಟ್ಟು, ಒಂದು ಸ್ಟೂಲ್ ಎಳೆದುಕೊಂಡು ಕುಳಿತ.